ಹೇಳುವ ಹಾಗಿಲ್ಲ

ಸೋದರಮಾವ ಅವಳನ್ನು ಬಿ.ಕಾಂ.ಗೆ ಸೇರಿಸಿದ್ದರ ಹಿಂದೆ ಒಂದು ಫ್ಯಾನಿನ ಕಥೆಯಿತ್ತು.

ಮಾವ ಊರಂಚಿನ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ನಿಲ್ಲುವವನು. ಗಾಜು ಕರಗಿ ಜೇನಿನ ಹಾಗೆ ಹರಿಯುವಲ್ಲಿ, ಬರೀ ಬಣ್ಣ ನೋಡಿ ಕಾವು ಎಷ್ಟಿದೆಯೆಂದು ಹೇಳುವುದು ಅವನ ಕೆಲಸ. ಮುಂಗೈಯ ಮೇಲೆ ಕೂದಲು ಬೆಳೆಯುವುದನ್ನೇ ಬಿಟ್ಟಿತ್ತು. ಆ ಭಟ್ಟಿ ಹಗಲು ರಾತ್ರಿ, ರಜೆ ಗಿಜೆ ಎನ್ನದೆ ಉರಿಯುತ್ತಲೇ ಇರಬೇಕು. ಒಮ್ಮೆ ಆರಿತೆಂದರೆ ಒಳಗೋಡೆ ಬಿರುಕು ಬಿಡುತ್ತದೆ, ಹೊಸದಾಗಿ ಇಟ್ಟಿಗೆ ಕಟ್ಟದೆ ಮತ್ತೆ ಹಚ್ಚುವ ಹಾಗಿಲ್ಲ. ಅಂಥ ಕಾರ್ಖಾನೆಯಲ್ಲಿ ತಂಪಾದ ಕೋಣೆ ಒಂದೇ ಒಂದು, ಲೆಕ್ಕದವರದು. ಸಂಬಳಕ್ಕೆ ಸಹಿ ಹಾಕಲು ಅಲ್ಲಿಗೆ ಹೋದಾಗ ಮಾವ ಪೆನ್ನು ಮೂಡುತ್ತಿಲ್ಲವೆಂಬಂತೆ ಕೊಡವುತ್ತ, ಕಾಗದವನ್ನು ಆಚೆ ಈಚೆ ತಿರುಗಿಸುತ್ತ, ಫ್ಯಾನಿನ ಕೆಳಗೆ ಆದಷ್ಟು ಹೊತ್ತು ನಿಂತುಬರುತ್ತಿದ್ದ.

"ಅಲ್ಲಿ ಕೂತಿರೋರ ಅಂಗಿ ನೋಡ್ಬೇಕು ನೀನು," ಎಂದು ಮನೆಗೆ ಬಂದು ಹೇಳುತ್ತಿದ್ದ. "ಸಂಜೆ ಆದ್ರೂ ಇಸ್ತ್ರಿ ಮುರಿದಿರಲ್ಲ. ನೀನು ಲೆಕ್ಕ ಓದು ಗುಬ್ಬಿ. ಲೆಕ್ಕ ಬಲ್ಲೋರಿಗೆ ಎಲ್ಲಿ ಹೋದ್ರೂ ನೆರಳು ಸಿಗುತ್ತೆ."

ಅವಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡಾಗ ಅವಳು ಇನ್ನೂ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಕ್ಕನನ್ನೂ ಸೋದರಸೊಸೆಯನ್ನೂ ಒಂದು ಟ್ರಂಕಿನ ಸಮೇತ ತನ್ನ ಎರಡು ಕೋಣೆಯ ಮನೆಗೆ ಕರೆತಂದವನು ಮಾವ. ಅತ್ತೆ ಮುಖ ಗಂಟಿಕ್ಕಲಿಲ್ಲ. ಆಮೇಲೆ ಹುಟ್ಟಿದ ತನ್ನ ಮಗಳಿಗೂ ಗುಬ್ಬಿಗೂ ಒಂದೇ ಥಾನಿನ ಬಟ್ಟೆ ಹೊಲಿಸುತ್ತಿದ್ದಳು. ಹೀಗಿರುವಾಗ ಓದು ಎಂದರೆ ಅದು ಮಾವ ಹೇಳಿದ ಓದು. ಬೇರೆ ಏನಾದರೂ ಓದುವ ಆಸೆಯಿದೆಯೇ ಎಂದು ಗುಬ್ಬಿ ತನ್ನನ್ನೇ ಕೇಳಿಕೊಳ್ಳಲಿಲ್ಲ.

ಕಾಲೇಜಿನಲ್ಲಿ ಅಕೌಂಟೆನ್ಸಿ ಹೇಳುತ್ತಿದ್ದ ಮೇಷ್ಟ್ರು ಮೊದಲ ದಿನವೇ ಬೋರ್ಡಿನ ಮೇಲೆ ಸಾಲಾಗಿ ಬಾಗಿಲುಗಳ ಚಿತ್ರ ಬರೆದರು. "ಇದು ಬ್ಯಾಂಕು. ಇದು ತೆರಿಗೆ ಇಲಾಖೆ. ಇದು ಆಡಿಟ್, ಕಷ್ಟಪಟ್ಟು ಪರೀಕ್ಷೆ ಪಾಸು ಮಾಡಿದ್ರೆ ರಾಜಮರ್ಯಾದೆ. ಇದು ಕಂಪನಿ, ಇದು ವಿಮೆ." ಕೊನೆಗೆ ಮೂಲೆಯಲ್ಲಿ ಒಂದು ಪುಟ್ಟ ಬಾಗಿಲು ಬರೆದು, "ಇಷ್ಟೂ ಬಾಗಿಲು ಮುಖಕ್ಕೆ ಮುಚ್ಚಿದ್ರೆ ಇದೊಂದಿದೆ, ನನ್ನ ಕೆಲಸ," ಎಂದರು. ಹುಡುಗರು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

ಮೊದಲ ವರ್ಷ ಅವಳಿಗೆ ಡೆಬಿಟ್ಟು ಕ್ರೆಡಿಟ್ಟು ಕಬ್ಬಿಣದ ಕಡಲೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಬಾಯಿಪಾಠ ಮಾಡಿದಷ್ಟೂ ಕಲಸಿಹೋಗುತ್ತಿತ್ತು. ಎರಡನೇ ವರ್ಷ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ತಲೆಯಲ್ಲಿ ಅಗುಳಿ ಕಳಚಿದ ಹಾಗಾಯಿತು. ಎಲ್ಲಿಂದಲೋ ಬರದೆ ಯಾವುದೂ ಎಲ್ಲಿಗೂ ಹೋಗುವುದಿಲ್ಲ, ಅಷ್ಟೇ. ಅಂದಿನಿಂದ ಎರಡೂ ಬದಿಯ ಮೊತ್ತ ಕೂಡಿಬಂದಾಗಲೆಲ್ಲ ಅವಳ ಒಳಗೆ ಏನೋ ನಿರಾಳವಾಗುತ್ತಿತ್ತು.

ಒಂದು ಪಾಠ ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. "ನಾವು ಬರೆಯೋ ಪ್ರತಿಯೊಂದು ಲೆಕ್ಕದ ಹಿಂದೆ ಒಂದು ನಂಬಿಕೆ ಇರುತ್ತೆ," ಎಂದಿದ್ದರು ಮೇಷ್ಟ್ರು. "ಈ ವ್ಯವಹಾರ ನಾಳೆನೂ ನಡೆಯುತ್ತೆ ಅನ್ನೋದು. ಹೇಳದೇ ಇದ್ರೂ ಅದು ಇದ್ದೇ ಇರುತ್ತೆ."

"ನಡೆಯಲ್ಲ ಅಂತ ಗೊತ್ತಾದ್ರೆ ಸರ್?" ಹಿಂದಿನಿಂದ ಯಾರೋ ಕೇಳಿದರು.

"ಆಗ ಎಲ್ಲದಕ್ಕೂ ಮಾರಾಟದ ಬೆಲೆ ಕಟ್ಟಬೇಕಾಗುತ್ತೆ. ನೀನು ಕೂತಿದ್ದೀಯಲ್ಲ, ಅದು ಆಗ ಬೆಂಚಲ್ಲ. ಸೌದೆ."

ಪದವಿ ಮುಗಿದ ಮೇಲೆ ಗೆಳತಿಯರು ಚದುರಿದರು. ಒಬ್ಬಳು ಬ್ಯಾಂಕಿನ ಪರೀಕ್ಷೆಗೆ ಕೂತಳು, ಒಬ್ಬಳು ಅಪ್ಪನ ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂತಳು. ಗುಬ್ಬಿ ಒಬ್ಬ ಆಡಿಟರ ಕಚೇರಿಯಲ್ಲಿ ಟ್ರೇನಿಂಗಿಗೆ ಸೇರಿದಳು. ಅಲ್ಲಿ ದುಡಿಯುತ್ತಲೇ ಓದಿ ದೊಡ್ಡ ಪರೀಕ್ಷೆ ಕಟ್ಟಬೇಕು. ಕೊಡುವ ಸಂಬಳ ಬಸ್ಸಿಗೆ ಸರಿಹೋಗುತ್ತಿತ್ತು. ಪರೀಕ್ಷೆಯ ಶುಲ್ಕಕ್ಕೆ ಮಾವ ಎರಡು ಪಾಳಿ ದುಡಿದ.

ಕಚೇರಿ ಇದ್ದದ್ದು ಔಷಧಿ ಅಂಗಡಿಯ ಮೇಲೆ. ಹಳೇ ಫೈಲುಗಳ ಕಟ್ಟುಗಳು ಮೆಟ್ಟಿಲಿನವರೆಗೂ ಇಳಿದುಬಂದಿದ್ದರಿಂದ ಎಲ್ಲರೂ ಅಡ್ಡಡ್ಡಲಾಗಿ ಹತ್ತುತ್ತಿದ್ದರು. ಅವಳಿಗೆ ಕೆಲಸ ಹೇಳಿಕೊಡುತ್ತಿದ್ದ ಸೀನಿಯರನ್ನು ಎಲ್ಲರೂ ಟಿಕ್ಕಣ್ಣ ಎನ್ನುತ್ತಿದ್ದರು. ಹಸಿರು ಪೆನ್ನಿನಲ್ಲಿ ಟಿಕ್ ಹಾಕಿ ಹಾಕಿ ಅವನ ಸಹಿಯೂ ಟಿಕ್ಕಿನ ಹಾಗೇ ಕಾಣುತ್ತಿತ್ತು. ಆಡಿಟರು ಮೆಲುಮಾತಿನವರು. ಸೇರಿದ ದಿನ ಅವಳನ್ನು ಕೂರಿಸಿಕೊಂಡು ಹೇಳಿದ್ದರು: "ನಾವು ಬೇರೆಯವರ ಅಡುಗೆಮನೆಗೆ ಹೋಗೋ ಜನ ಕಣಮ್ಮ. ಯಾವ ಡಬ್ಬ ಖಾಲಿ ಇದೆ ಅಂತ ಹೊರಗೆ ಬಂದು ಆಡೋ ಹಾಗಿಲ್ಲ. ಆಡಿದ ದಿನ ನಮ್ಮ ಕೆಲಸ ಮುಗೀತು."

ಅವಳು ಕೆಲಸ ಚೆನ್ನಾಗಿಯೇ ಕಲಿತಳು. ಹಿಟ್ಟಿನ ಗಿರಣಿಯ ಗೋದಾಮಿನಲ್ಲಿ ದಾಸ್ತಾನು ನೋಡಿ ತಲೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬಂದ ದಿನ, ಅತ್ತೆ ಬಾಗಿಲಲ್ಲೇ ನಿಂತು, "ಬಾ ಅಜ್ಜಿ, ಯಾವೂರಾಯ್ತು?" ಎಂದು ನಕ್ಕಿದ್ದಳು. ಅದು ಆ ಮನೆಯ ಒಳ್ಳೆಯ ಕಾಲ.

ಟ್ರೇನಿಂಗಿನ ಎರಡನೇ ವರ್ಷದಲ್ಲಿ ಬಾಟಲಿ ಕಾರ್ಖಾನೆಯ ಆಡಿಟ್ ಇವರ ಕೈಗೆ ಬಂತು.

"ಟಿಕ್ಕಣ್ಣ, ನಮ್ಮ ಮಾವ ಅಲ್ಲೇ ಇರೋದು. ನಾನು ಬರಬಹುದಾ?"

"ಡೈರೆಕ್ಟರಾ?"

"ಅಲ್ಲ. ಭಟ್ಟಿ."

"ಹಾಗಾದ್ರೆ ಚಿಂತೆ ಇಲ್ಲ, ಬಾ. ನಮ್ಮ ನಿಯಮದಲ್ಲಿ ಭಟ್ಟಿಯವರು ಯಾರಿಗೂ ನೆಂಟರಲ್ಲ."

ಅವಳೂ ನಕ್ಕಳು. ಲೆಕ್ಕದ ಕೋಣೆಯಲ್ಲಿ ಅವಳಿಗೆ ಕಿಟಕಿಯ ಪಕ್ಕದ ಕುರ್ಚಿ ಸಿಕ್ಕಿತು. ಮೊದಲ ದಿನ ಊಟದ ಬಿಡುವಿನಲ್ಲಿ ಮಾವ ತನ್ನ ಪಾಳಿಯವರನ್ನೆಲ್ಲ ಕರೆತಂದು ಕಿಟಕಿಯ ಆಚೆ ನಿಲ್ಲಿಸಿ, ಬೆರಳು ತೋರಿಸಿ ಏನೋ ಹೇಳುತ್ತಿದ್ದ. ಮಾತು ಕೇಳಿಸಲಿಲ್ಲ. ಬೆವರಿನ ಮುಖಗಳು ಒಟ್ಟಿಗೆ ಅವಳತ್ತ ತಿರುಗಿ ಹಲ್ಲು ಬಿಟ್ಟವು. ಅವಳಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಭಟ್ಟಿಯ ಇಟ್ಟಿಗೆ ಸವೆದಿದೆ, ಸದ್ಯದಲ್ಲೇ ಆರಿಸಿ ಹೊಸದಾಗಿ ಕಟ್ಟಬೇಕು ಎಂಬುದು ಕಾರ್ಖಾನೆಗೆಲ್ಲ ಗೊತ್ತಿದ್ದ ಮಾತು. ಅದಕ್ಕೆಂದೇ ವರ್ಷಾವರ್ಷ ಒಂದಿಷ್ಟು ಹಣ ಎತ್ತಿಡುತ್ತ ಬಂದಿದ್ದರು. ಈ ವರ್ಷ ಎತ್ತಿಟ್ಟಿರಲಿಲ್ಲ. ಇಟ್ಟಿಗೆಗೆ ಕೊಟ್ಟ ಆರ್ಡರೂ ಕಾಣಲಿಲ್ಲ. ಕಾಗದ ಎಲ್ಲೋ ತಪ್ಪಿಹೋಗಿರಬೇಕೆಂದು ಅವಳು ಮುಗ್ಧವಾಗಿ ಮ್ಯಾನೇಜರನ್ನು ಕೇಳಿದಳು. ಆತ ಅವಳನ್ನು ನೋಡಲಿಲ್ಲ, ಟಿಕ್ಕಣ್ಣನನ್ನು ನೋಡಿದ. "ನಿಮ್ಮ ಸಾಹೇಬರನ್ನೇ ಬರಹೇಳಿ," ಎಂದ.

ಮರುದಿನ ಆಡಿಟರು ಬಂದರು. ಯಜಮಾನರ ಕೋಣೆಯಲ್ಲಿ ಮಾತಾಯಿತು. ಟಿಪ್ಪಣಿ ಬರೆದುಕೊಳ್ಳಲು ಗುಬ್ಬಿಯೂ ಒಳಗಿದ್ದಳು.

"ದೊಡ್ಡ ಗಿರಾಕಿ ಪ್ಲಾಸ್ಟಿಕ್ಕಿಗೆ ಹೋದ," ಎಂದರು ಯಜಮಾನರು. "ಇನ್ನು ಭಟ್ಟಿ ಕಟ್ಟಿಸಿ ಯಾರಿಗೆ ಬಾಟಲಿ ಮಾರ್ಲಿ? ರಿಪೇರಿ ಅಂತ ಹೇಳಿ ಆರಿಸ್ತೀವಿ. ಮತ್ತೆ ಹಚ್ಚಲ್ಲ. ಈಗಲೇ ಹೊರಗೆ ಗೊತ್ತಾದ್ರೆ ಕೈಯಲ್ಲಿರೋ ಆರ್ಡರೂ ಕೆಡುತ್ತೆ."

"ವರದಿಯಲ್ಲಿ ಬರೀದೇ ಇರೋಕೆ ನನ್ನಿಂದ ಆಗಲ್ಲ," ಎಂದರು ಆಡಿಟರು.

"ಬರೀರಿ. ಬೇಡ ಅಂದೋರ್ಯಾರು? ವರದಿ ಹೊರಗೆ ಬರೋ ಹೊತ್ತಿಗೆ ಭಟ್ಟಿ ಆರಿರುತ್ತೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗುಬ್ಬಿ ಬರೆದುಕೊಳ್ಳುತ್ತಲೇ ಇದ್ದಳು. ಹೊರಗೆ ಬಂದಾಗ ಅಂಗಳದ ಆಚೆ ಭಟ್ಟಿಯ ಚಿಮಣಿ, ತಳ್ಳುಗಾಡಿಗಳು, ಗೋಡೆಗೆ ಒರಗಿಸಿದ್ದ ಉದ್ದನೆಯ ಕಬ್ಬಿಣದ ಸಲಾಕೆಗಳು ಎಲ್ಲವೂ ಮೊದಲಿದ್ದಲ್ಲೇ ಇದ್ದವು. ಅವಳ ಕಣ್ಣಿಗೆ ಮಾತ್ರ ಅವು ಆಗಲೇ ಗುಜರಿಯಾಗಿದ್ದವು. ಸೌದೆ ಎಂದ ಮೇಷ್ಟ್ರ ಮಾತು ನೆನಪಾಯಿತು.

ಹೀಗೆ ಅವಳಿಗೆ ತಿಳಿದ ಕೆಲವೇ ದಿನಕ್ಕೆ ಮಾವನಿಗೆ ಒಂದು ಫೋನ್ ಬಂತು. ಹಿಂದೆ ಇದೇ ಭಟ್ಟಿಯಲ್ಲಿ ಮೇಸ್ತ್ರಿಯಾಗಿದ್ದವನು ಈಗ ದೂರದ ಊರಿನ ಹೊಸ ಗಾಜಿನ ಕಾರ್ಖಾನೆಯಲ್ಲಿದ್ದ. ಕಾವು ಬಲ್ಲ ಒಬ್ಬ ಆಳು ಬೇಕಿತ್ತು. ಇರಲು ಮನೆಯನ್ನೂ ಕೊಡುತ್ತಾರೆ. ಶನಿವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಾವ ಮಾತು ತೆಗೆದ.

"ಹೋಗಬಹುದು. ಆದ್ರೆ ಇಲ್ಲಿ ಇಷ್ಟು ವರ್ಷದ ಸರ್ವೀಸು. ಹೊಸ ಭಟ್ಟಿ ಕಟ್ಟಿದ್ರೆ ನನ್ನನ್ನೇ ಮೇಸ್ತ್ರಿ ಮಾಡ್ತಾರೆ ಅಂತ ಮಾತಿದೆ." ಆಮೇಲೆ ಅವಳತ್ತ ತಿರುಗಿದ. "ಗುಬ್ಬಿ, ನೀನು ಒಳಗೇ ಕೂತಿದ್ದೀಯಲ್ಲ. ಹೊಸ ಇಟ್ಟಿಗೆ ತರಿಸ್ತಾ ಇದ್ದಾರಾ?"

ಅತ್ತೆಯೂ ಅಮ್ಮನೂ ಅವಳನ್ನೇ ನೋಡುತ್ತಿದ್ದರು.

"ಅದೆಲ್ಲ ಹೇಳೋ ಹಾಗಿಲ್ಲ ಮಾವ."

"ಅದೇನು, ಮನೆಯವರಿಗೂ ಹೇಳಬಾರದ?" ಎಂದಳು ಅತ್ತೆ.

"ಯಾರಿಗೂ ಹೇಳೋ ಹಾಗಿಲ್ಲ ಅತ್ತೆ. ಅದು ನಮ್ಮ ಕೆಲಸದ ಕಟ್ಟಳೆ."

ಮಾವನ ಮುಖ ಅರಳಿತು. "ಬಿಡೇ, ಅವಳನ್ನ ಯಾಕೆ ಗೋಳು ಹೊಯ್ಕೊಳ್ತೀಯ? ಕೆಟ್ಟ ಸುದ್ದಿ ಆಗಿದ್ರೆ ನಮ್ಮ ಗುಬ್ಬಿ ಸುಮ್ಮನೆ ಕೂತಿರ್ತಿತ್ತಾ? ಕಟ್ಟಳೆ ಗಿಟ್ಟಳೆ ಎಲ್ಲಾ ಬದಿಗಿಟ್ಟು ಬಂದು ಹೇಳ್ತಿತ್ತು." ಎಂದು ಸಾರಿಗೆ ಕೈಚಾಚಿದ. "ಅಲ್ಲದೆ ಅವಳ ಪರೀಕ್ಷೆ ಬೇರೆ ಇದೆ. ಈಗ ಮನೆ ಎತ್ತಿದ್ರೆ ಅವಳೆಲ್ಲಿ ಇರ್ಬೇಕು?"

ಅವಳು ತಲೆಯೆತ್ತಲಿಲ್ಲ. ತನ್ನ ಮೌನಕ್ಕೆ ಹೀಗೂ ಒಂದು ಅರ್ಥ ಬರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮುಂದಿನ ದಿನಗಳು ಬಾಯಲ್ಲಿನ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. ಮಾವ ಹಲ್ಲುಜ್ಜುವಾಗ, ಚಪ್ಪಲಿ ಮೆಟ್ಟುವಾಗ ಅವನ ಬೆನ್ನ ಹಿಂದೆ ಹೋಗಿ ನಿಲ್ಲುವಳು. ಅವನು ತಿರುಗಿ "ಏನೇ?" ಎಂದರೆ "ಏನಿಲ್ಲ" ಎನ್ನುವಳು. ಹೇಳಿದರೆ ಮಾವ ಸುಮ್ಮನಿರುವವನಲ್ಲ. ಜೊತೆಯವರನ್ನು ಬಿಟ್ಟು ತಾನೊಬ್ಬನೇ ಪಾರಾಗುವ ಜಾಯಮಾನ ಅವನದಲ್ಲ. ಒಂದು ಕಿವಿಗೆ ಬಿದ್ದರೆ ಸಂಜೆಗೆ ಇಡೀ ಪಾಳಿಗೆ ಗೊತ್ತಾಗುತ್ತದೆ. ಮಾತು ಎಲ್ಲಿಂದ ಹೊರಟಿತೆಂದು ಹುಡುಕುವುದು ಕಷ್ಟವೂ ಅಲ್ಲ, ಎಲ್ಲರೂ ಕಿಟಕಿಯಲ್ಲಿ ಅವಳನ್ನು ನೋಡಿದವರೇ.

ಕೊನೆಗೆ ಆಡಿಟರ ಮುಂದೆ ಹೋಗಿ ನಿಂತಳು. ಅವರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮಾವ ಅಲ್ಲಿರೋದು ನನಗೆ ಯಾರೂ ಹೇಳಲಿಲ್ಲ. ಗೊತ್ತಿದ್ರೆ ಕಳಿಸ್ತಿರಲಿಲ್ಲ. ನಾಳೆಯಿಂದ ಬೇರೆ ಕಡೆ ಹಾಕ್ತೀನಿ."

"ಬೇರೆ ಕಡೆ ಹಾಕಿದ್ರೆ ತಿಳಿದದ್ದು ಮರೆತುಹೋಗುತ್ತಾ ಸರ್?"

"ಇಲ್ಲ," ಎಂದರು. "ನೀನು ಹೇಳಿದ್ದು ಹೊರಗೆ ಬಂದ್ರೆ ಪರೀಕ್ಷೆಗೆ ಕೂರೋಕೆ ಬಿಡಲ್ಲ ನಿನ್ನ. ಈ ಕಚೇರಿಗೂ ಏಟು ಬೀಳುತ್ತೆ. ನಾನು ಹೇಳು ಅನ್ನೋ ಹಾಗಿಲ್ಲ. ಹೇಳಬೇಡ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಹೋಗು ತಾಯಿ."

ಶನಿವಾರ ಮಧ್ಯಾಹ್ನ ಅವಳು ಕೆಲಸವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹೇಳಿಬಿಡುವುದು, ಆದದ್ದಾಗಲಿ ಎಂದುಕೊಂಡು ಕಾರ್ಖಾನೆಯ ಗೇಟಿನವರೆಗೂ ನಡೆದೇ ಹೋದಳು. ಪಾಳಿ ಬಿಟ್ಟು ಜನ ಹೊರಬರುತ್ತಿದ್ದರು. ಮಾವ ಜೊತೆಯವನ ಹೆಗಲ ಮೇಲೆ ಕೈಹಾಕಿ ಏನೋ ತಮಾಷೆ ಹೇಳುತ್ತ ಬಂದ. ಅವಳನ್ನು ಕಂಡು ಬೆರಗಾದ.

"ನೀನೇನಿಲ್ಲಿ ಬಿಸಿಲಲ್ಲಿ?"

"ಮಾವ, ಆ ಫೋನು..."

"ಅಯ್ಯೋ, ಅದು ಬೆಳಿಗ್ಗೆನೇ ಮುಗೀತು. ಬರಲ್ಲ ಅಂದೆ. ಮೇಸ್ತ್ರಿ ಸ್ವಲ್ಪ ಬೇಜಾರು ಮಾಡ್ಕೊಂಡ."

"ಈಗಲೇ ಇನ್ನೊಂದು ಸಲ ಮಾಡಿ. ಬರ್ತೀನಿ ಅನ್ನಿ."

"ಆಗಲೇ ಇನ್ನೊಬ್ಬನನ್ನ ತಗೊಂಡ್ರಂತೆ ಕಣೇ. ಹಿಂದೆನೇ ಸಾಲು ನಿಂತಿದ್ರು." ಮಾವ ಅವಳ ಮುಖವನ್ನು ಹತ್ತಿರದಿಂದ ನೋಡಿದ. "ಯಾಕೆ, ಏನಾಯ್ತು?"

ಜೊತೆಯವರು ನಿಂತು ಕೇಳುತ್ತಿದ್ದರು. ಹೇಳಿ ಇನ್ನು ಯಾರಿಗೂ ಉಪಕಾರವಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗನ್ನಿಸಿದ್ದರಲ್ಲಿ ಸ್ವಲ್ಪ ಹಗುರವೂ ಆಯಿತು. ಆ ಹಗುರಕ್ಕೇ ಅವಳು ಆಮೇಲೆ ತನ್ನನ್ನು ಹೆಚ್ಚು ಶಪಿಸಿಕೊಂಡಳು.

"ಏನಿಲ್ಲ. ಬಿಸಿಲು," ಎಂದಳು. ಮಾವ ದಾರಿಯಲ್ಲಿ ಅವಳಿಗೆ ತಂಪಿನ ಸೋಡಾ ಕೊಡಿಸಿದ.

ಭಟ್ಟಿ ಆರಿಸಿದ ದಿನ ಕಾರ್ಖಾನೆಯವರೆಲ್ಲ ಸುತ್ತ ನಿಂತು ನೋಡಿದರಂತೆ. ಕರಗಿದ ಗಾಜನ್ನು ಗುಂಡಿಗೆ ಹರಿಸಿದರು. ಕೆಂಪಿದ್ದದ್ದು ಹಸಿರಾಯಿತು, ಹಸಿರಿದ್ದದ್ದು ಮಂಕಾಯಿತು. ಒಳಗಿನಿಂದ ಇಟ್ಟಿಗೆ ಬಿರಿಯುವ ಸದ್ದು ಪಟಪಟನೆ ಬರುತ್ತಿತ್ತು ಎಂದು ಮಾವ ಮನೆಯಲ್ಲಿ ಹೇಳಿದ. ರಿಪೇರಿ ಮುಗಿಯುವವರೆಗೆ ರಜೆ. ಮಾವ ಮನೆಯ ಸೂರು ಸರಿಮಾಡಿದ, ಹಳೇ ಕುರ್ಚಿಗೆ ಕಾಲು ಕಟ್ಟಿದ. ದಿನ ಬಿಟ್ಟು ದಿನ ಗೇಟಿನ ಹತ್ತಿರ ಹೋಗಿ ಇಟ್ಟಿಗೆಯ ಲಾರಿ ಬಂತೇ ಎಂದು ವಿಚಾರಿಸಿ ಬರುತ್ತಿದ್ದ. ಲಾರಿ ಬಂತು, ಆದರೆ ಖಾಲಿ ಬಂತು. ಯಂತ್ರ ತುಂಬಿಕೊಂಡು ಹೋಯಿತು. ಮರುದಿನ ಗೇಟಿಗೆ ನೋಟಿಸು ಅಂಟಿಸಿದರು.

ಅಂದು ಸಂಜೆ ಗುಬ್ಬಿ ಬಂದಾಗ ಮಾವ ಹೊಸ್ತಿಲ ಮೇಲೆ ಕೂತಿದ್ದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ನಾನು ಕೇಳಿದಾಗ?"

"ಅದಕ್ಕೆ ಮುಂಚೆನೇ."

ಒಳಗೆ ಪಾತ್ರೆಯ ಸದ್ದು ನಿಂತಿತು. ಮಾವ ಮುಂಗೈ ಸವರಿಕೊಂಡ. ಬಹಳ ಕಾಲದ ಮೇಲೆ ಅಲ್ಲಿ ಸಣ್ಣಗೆ ಕೂದಲು ಮೂಡುತ್ತಿತ್ತು.

"ಕೆಲಸ ಚೆನ್ನಾಗಿ ಕಲಿತಿದ್ದೀಯ," ಎಂದ. ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಅವಳು ಅತ್ತು ಕಾಲು ಹಿಡಿಯುತ್ತಿದ್ದಳು. ಅವನು ಮನಸಾರೆ ಹಾಗೆ ತಿಳಿದು, ಅದನ್ನು ಅರಗಿಸಿಕೊಳ್ಳಲು ನೋಡುತ್ತಿದ್ದಂತಿತ್ತು. ಅವಳು ಪಕ್ಕದಲ್ಲಿ ಕೂರಲು ಹೋದಳು. ಮಾವ ಎದ್ದು ಜಾಗ ಬಿಟ್ಟುಕೊಟ್ಟ.

ಅತ್ತೆ ಅವಳೊಡನೆ ಜಗಳವಾಡಲಿಲ್ಲ. ಮಾತು ಬಿಟ್ಟಳು. ತಟ್ಟೆ ಹಾಕುವಳು, ಬಡಿಸುವಳು. ಬೇಕೇ ಸಾಕೇ ಎಂದು ಕೇಳುವುದು ಮಾತ್ರ ನಿಂತುಹೋಯಿತು. ಎರಡು ಕೋಣೆಯ ಮನೆಯಲ್ಲಿ ಮಾತು ಬಿಟ್ಟವರ ನಡುವೆ ಓಡಾಡುವುದು ಮುಳ್ಳಿನ ಮೇಲೆ ನಡೆದ ಹಾಗೆ. ಅಮ್ಮ ತಮ್ಮನ ಮುಖ ನೋಡಲಾರದೆ, ಮಗಳನ್ನು ಬೈಯಲಾರದೆ ಸೊರಗಿದಳು. ಒಂದು ಸಲ ಮಾತ್ರ, ಬಟ್ಟೆ ಮಡಚುತ್ತ, "ಒಂದು ಮಾತು, ಕಿವಿಯಲ್ಲಿ ಹೇಳಿದ್ರೂ ಸಾಕಿತ್ತಲ್ಲೇ," ಎಂದಳು.

ಮಾವ ಕೆಲಸಕ್ಕೆ ಅಲೆದ. ಗಾಜಿನ ಕಾವು ಬಲ್ಲವನು ಬೇಕೆನ್ನುವ ಕಾರ್ಖಾನೆ ಸುತ್ತಮುತ್ತ ಬೇರೆ ಇರಲಿಲ್ಲ. ದೂರದ ಮೇಸ್ತ್ರಿಗೆ ಫೋನ್ ಮಾಡಿದರೆ, "ಆಗ ಕರೆದಾಗ ಬರಲಿಲ್ಲ, ಈಗ ಜಾಗ ಇಲ್ಲ," ಎಂದ. ಕೊನೆಗೆ ಒಂದು ಆಸ್ಪತ್ರೆಯ ಅಂಗಳದಲ್ಲಿ ವಾಹನ ನಿಲ್ಲಿಸುವ ಕಡೆ ಸೀಟಿ ಹಿಡಿದು ನಿಲ್ಲುವ ಕೆಲಸ ಸಿಕ್ಕಿತು. ಆತುರದಲ್ಲಿ ಬಂದವರು ಅಡ್ಡಾದಿಡ್ಡಿ ನಿಲ್ಲಿಸಿ ಅವನನ್ನೇ ಗದರುತ್ತಿದ್ದರು.

ಗುಬ್ಬಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದಳು. ಕೊನೆಯ ಫಲಿತಾಂಶ ಬಂದ ದಿನ ಮಾವ ಅವಳ ತಲೆಯ ಮೇಲೆ ಕೈಯಿಟ್ಟು "ಒಳ್ಳೇದಾಗಲಿ" ಎಂದು ಹೇಳಿ ಕೆಲಸಕ್ಕೆ ಹೊರಟ. ಆಡಿಟರು ತಮ್ಮಲ್ಲೇ ಉಳಿಯಲು ಹೇಳಿದರೂ ಅವಳು ಒಪ್ಪಲಿಲ್ಲ. ನೆಲದ ಟೈಲ್ಸ್ ಮಾಡುವ ಕಂಪನಿಯೊಂದರ ಲೆಕ್ಕದ ವಿಭಾಗ ಸೇರಿ, ಬೇರೆ ಬಾಡಿಗೆ ಮನೆ ಹಿಡಿದು ಅಮ್ಮನನ್ನು ಕರೆದುಕೊಂಡು ಹೋದಳು. ಹೊರಡುವಾಗ ಅತ್ತೆ ಅಮ್ಮನ ಕೈಗೆ ಬುತ್ತಿ ಕೊಟ್ಟಳು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಅಮ್ಮ, ಮಗಳು ಮಾವನ ಮನೆಗೆ ಊಟಕ್ಕೆ ಹೋದರು. ಮಾವನ ಮಗಳಿಗೆ ಕಾಲೇಜು ಸೇರುವ ವಯಸ್ಸು. ಅರ್ಜಿ ಮುಂದಿಟ್ಟುಕೊಂಡು ಕೂತಿದ್ದವಳು ಗುಬ್ಬಿಯನ್ನು ಕಂಡವಳೇ ಕೇಳಿದಳು:

"ಅಕ್ಕ, ನಾನೂ ಕಾಮರ್ಸ್ ತಗೊಳ್ಳಲಾ? ನಿನ್ನ ಹಾಗೆ?"

ಗುಬ್ಬಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದಲೇ ಹೇಳಿದಳು. "ಬೇಡ. ಮನೆಗೆ ಒಬ್ಬಳು ಸಾಕು."

ಅದು ಆ ಮನೆಯಲ್ಲಿ ಎಷ್ಟೋ ಕಾಲದ ಮೇಲೆ ಅತ್ತೆ ಅವಳ ಬಗ್ಗೆ ಆಡಿದ ಮೊದಲ ಮಾತು. ಹುಡುಗಿ ಅಪ್ಪನ ಮುಖ ನೋಡಿದಳು. ಮಾವ ಅರ್ಜಿಯನ್ನು ಕೈಗೆತ್ತಿಕೊಂಡು, ಓದಿದವನಂತೆ ಮಾಡಿ, ಹಾಗೇ ಇಟ್ಟ. "ನಾಳೆ ಕಾಲೇಜಿಗೆ ಹೋಗಿ ಮೇಷ್ಟ್ರನ್ನ ಕೇಳೋಣ," ಎಂದ. ಎದುರಿಗೇ ಕೂತ ಗುಬ್ಬಿಯನ್ನು ಅವನು ಕೇಳಲಿಲ್ಲ.

ಊಟವಾದ ಮೇಲೆ ಮಾವ ಪಾಳಿಗೆ ಹೊರಟ. ಅವಳು ಬಸ್ಸು ನಿಲ್ದಾಣದವರೆಗೆ ಜೊತೆಗೆ ಹೋದಳು. ಮಾವ ಸೆಕೆಯ ಬಗ್ಗೆ ಹೇಳಿದ. ಆಸ್ಪತ್ರೆಯ ಹೊಸ ಕಟ್ಟಡದ ಬಗ್ಗೆ, ಮಂಡಿನೋವಿನ ಬಗ್ಗೆ ಹೇಳಿದ. ಅಮ್ಮನ ಔಷಧಿ ತಪ್ಪಿಸಬೇಡ ಎಂದ. ಅವಳ ಕೆಲಸ ಹೇಗಿದೆ, ಕಂಪನಿ ಹೇಗೆ ನಡೆಯುತ್ತಿದೆ ಎಂದು ಒಂದು ಮಾತು ಕೇಳಿದರೆ, ಏನಿದ್ದರೂ ಸರಿ, ಇದ್ದದ್ದೆಲ್ಲ ಬಿಚ್ಚಿ ಹೇಳಲು ಅವಳು ಕಾದಳು. ಅವನು ಕೇಳಲಿಲ್ಲ. ಬಸ್ಸು ಬಂತು. ಮಾವ ಕಂಬಿ ಹಿಡಿದು, ಮಂಡಿಯ ಮೇಲೆ ಕೈಯೂರಿ ಮೆಲ್ಲಗೆ ಹತ್ತಿದ. ಒಳಗೆ ಜಾಗವಿರಲಿಲ್ಲ. ಬಾಗಿಲ ಹತ್ತಿರವೇ ನಿಂತು, "ಬಿಸಿಲಿದೆ, ಮನೆಗೆ ಹೋಗು," ಎಂದ.